ಹತ್ತೊಂಬತ್ತರ ಹುಡುಗನ ದಾರಿಯಲ್ಲಿ: ಉತ್ತರ ನಮೀಬಿಯಾದಲ್ಲಿ ಆರು ದಿನ

ಮೊದಲ ದಿನ, ಜೂನ್ 23

ಬೆಳಗಿನ ಐದೂವರೆಗೆ ಬಾಗಿಲು ತೆಗೆದರೆ ಊಮ್ ಆಗಲೇ ತಮ್ಮ ಪಿಕಪ್ ಗಾಡಿಯ ಗಾಜು ಒರೆಸುತ್ತ ನಿಂತಿದ್ದರು. ಜೂನ್ ಅಂದರೆ ನಮೀಬಿಯಾದ ರಾಜಧಾನಿ ವಿಂಡ್‌ಹೋಕ್‌ನಲ್ಲಿ ಕಡು ಚಳಿ, ಮಾತಾಡಿದರೆ ಬಾಯಿಂದ ಹೊಗೆ. ಗಾಡಿಯ ಹಿಂದೆ ಎರಡು ಹಾಸಿಗೆ ಸುರುಳಿ, ನೀರಿನ ಕ್ಯಾನು, ನನ್ನ ಹೆಂಡತಿ ಕಟ್ಟಿಕೊಟ್ಟ ಚಪಾತಿ ಮತ್ತು ಶೇಂಗಾ ಚಟ್ನಿಪುಡಿ. ಹೊರಡುವ ಮುನ್ನ ಅವರು ನಾಲ್ಕೂ ಚಕ್ರ ಸುತ್ತಿ ಬಂದು, ಬಗ್ಗಿ ಗಾಡಿಯ ಅಡಿಯನ್ನು ನೋಡಿದರು. ಯಾಕೆ ಎಂದು ನಾನು ಕೇಳಲಿಲ್ಲ. ಆರು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಪೇಟೆಗೆ ಹಾಲು ತರಲು ಹೊರಟರೂ ಹಾಗೆ ಒಮ್ಮೆ ಬಗ್ಗಿ ನೋಡುತ್ತಾರೆ.

ಊಮ್ ಅನ್ನುವುದು ಹೆಸರಲ್ಲ. ಆಫ್ರಿಕಾನ್ಸ್ ಭಾಷೆಯಲ್ಲಿ ಹಿರಿಯ ಗಂಡಸರನ್ನು ಹಾಗೆ ಕರೆಯುತ್ತಾರೆ, ನಮ್ಮ ಕುಷ್ಟಗಿ ಕಡೆ ಕಾಕಾ ಅಂದಂತೆ. ನಮ್ಮ ಪಕ್ಕದ ಮನೆಯವರು, ವಯಸ್ಸು 57. ದಕ್ಷಿಣ ಆಫ್ರಿಕಾದ ಒಂದು ರೈತ ಕುಟುಂಬದಲ್ಲಿ ಹುಟ್ಟಿದವರು. 1987ರ ಜನವರಿಯಲ್ಲಿ, ಹೈಸ್ಕೂಲು ಮುಗಿಸಿದ ಬೆನ್ನಿಗೇ, ಸೈನ್ಯದ ಕರೆಯೋಲೆ ಹಿಡಿದು ರೈಲು ಹತ್ತಿದರು. ಆಗ ಆ ದೇಶದಲ್ಲಿ ಬಿಳಿಯರ ಗಂಡುಮಕ್ಕಳಿಗೆ ಎರಡು ವರ್ಷದ ಸೈನಿಕ ಸೇವೆ ಕಡ್ಡಾಯವಾಗಿತ್ತು. ಒಲ್ಲೆ ಎಂದರೆ ಆರು ವರ್ಷದವರೆಗೆ ಸೆರೆಮನೆ. ಆ ಎರಡು ವರ್ಷದಲ್ಲಿ ಹದಿನಾಲ್ಕು ತಿಂಗಳು ಅವರು ಕಳೆದದ್ದು ಇಂದಿನ ಉತ್ತರ ನಮೀಬಿಯಾದ ಕುರುಚಲು ಕಾಡಿನಲ್ಲಿ, ಅಂಗೋಲಾದ ಗಡಿಗೆ ಅಂಟಿಕೊಂಡು. ಕೆಲಸದ ನಿಮಿತ್ತ ವಿಂಡ್‌ಹೋಕ್‌ಗೆ ಬಂದು ನೆಲೆಸಿ ಹದಿನೈದು ವರ್ಷವಾದರೂ ಎಟೋಶಾ ಅಭಯಾರಣ್ಯ ದಾಟಿ ಮೇಲೆ ಹೋದವರಲ್ಲ. ಈ ಸಲ ಮೇ ತಿಂಗಳಲ್ಲಿ ಬೇಲಿಯ ಆಚೆಯಿಂದಲೇ ಕೇಳಿದರು: "ಜೂನ್ 27ಕ್ಕೆ ನಾನು ಗಡಿಯ ರುವಾಕಾನಾದಲ್ಲಿ ಇರಬೇಕು. ಒಬ್ಬನೇ ಹೋಗಲಾರೆ. ಬರುತ್ತೀಯಾ?"

ನಾನು ಹೂಂ ಅಂದದ್ದಕ್ಕೆ ಒಂದು ಕಾರಣ ಇದೆ. ನನ್ನ ಮಗ ಧಾರವಾಡದಲ್ಲಿ ಈ ವರ್ಷ ಪಿಯುಸಿ ಮುಗಿಸಿದ. ಹದಿನೆಂಟು ತುಂಬಿದೆ. ಫೋನಿನಲ್ಲಿ ಇನ್ನೂ ಅವರವ್ವನಿಗೆ ಊಟದ ಸುದ್ದಿ ಹೇಳುವ ಹುಡುಗ. ಊಮ್ ತಮ್ಮ ಹದಿನೆಂಟರ ಬಗ್ಗೆ ಮಾತಾಡಿದಾಗೆಲ್ಲ ನನ್ನ ಕಣ್ಣ ಮುಂದೆ ಅವನೇ ಬಂದು ನಿಲ್ಲುತ್ತಾನೆ. ನಮ್ಮಲ್ಲಿ ಸೈನ್ಯ ಸೇರಲು ಹುಡುಗರು ತಾವಾಗಿ ಓಡುತ್ತಾರೆ. ನನ್ನ ಚಿಕ್ಕಪ್ಪ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದ ಮುಂದೆ ರಾತ್ರಿಯಿಡೀ ಸಾಲು ನಿಂತು ಸೇರಿದವರು. ಮನೆ ಬಾಗಿಲಿಗೆ ಚೀಟಿ ಬಂದು ಎಳೆದೊಯ್ಯುವುದು ನಮಗೆ ಗೊತ್ತಿಲ್ಲದ ಸಂಗತಿ.

ಓಕಹಾಂಜಾ, ಒಚಿವರೊಂಗೊ ದಾಟಿ ಉತ್ತರಕ್ಕೆ. ಬಲಗಡೆ ದೂರದಲ್ಲಿ ವಾಟರ್‌ಬರ್ಗ್ ಬೆಟ್ಟ. 1904ರಲ್ಲಿ ಜರ್ಮನರು ಹೆರೆರೊ ಜನರನ್ನು ಅಲ್ಲಿಂದ ಮರುಭೂಮಿಗೆ ಅಟ್ಟಿ ಕೊಂದರು. ಜರ್ಮನರ ಕೈಯಿಂದ ಈ ನೆಲ 1915ರಲ್ಲಿ ದಕ್ಷಿಣ ಆಫ್ರಿಕಾದ ಕೈಗೆ ಬಂತು. ಬಂದದ್ದನ್ನು ಅವರು ಬಿಡಲೇ ಇಲ್ಲ. 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ "ನೀವು ಅಲ್ಲಿರುವುದೇ ಕಾನೂನುಬಾಹಿರ" ಎಂದಮೇಲೂ ಬಿಡಲಿಲ್ಲ. ಬಿಡಿಸಿಕೊಳ್ಳಲು ಸ್ವಾಪೋ ಪಕ್ಷದ ಹೋರಾಟಗಾರರು ಬಂದೂಕು ಹಿಡಿದರು. 1966ರಿಂದ 1989ರವರೆಗೆ, ಇಪ್ಪತ್ಮೂರು ವರ್ಷ.

ಮಧ್ಯಾಹ್ನದ ಹೊತ್ತಿಗೆ ಗ್ರೂಟ್‌ಫಾಂಟೈನ್. ಊರಾಚೆಯ ವಿಮಾನ ಪಟ್ಟಿಯ ಬೇಲಿ ಪಕ್ಕ ಗಾಡಿ ನಿಲ್ಲಿಸಿದರು. ಯುದ್ಧದ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯಕ್ಕೆ ಇದು ದೊಡ್ಡ ಉಗ್ರಾಣ. ಪ್ರಿಟೋರಿಯಾ ಹತ್ತಿರದ ವಾಟರ್‌ಕ್ಲೂಫ್‌ನಿಂದ ಹುಡುಗರನ್ನು ಸಾಮಾನಿನ ವಿಮಾನದಲ್ಲಿ ತುಂಬಿ ಇಲ್ಲಿ ಇಳಿಸುತ್ತಿದ್ದರು. ಆ ವಿಮಾನವನ್ನು ಹುಡುಗರು ಫ್ಲಾಸಿ ಎಂದು ಕರೆಯುತ್ತಿದ್ದರು, ಮನೆಯ ಹಸುವನ್ನು ಕರೆದಂತೆ. ಕಿಟಕಿಯ ಬದಿಯ ಸೀಟಿಲ್ಲ, ಬಲೆಯ ಮೇಲೆ ಕೂರಬೇಕು. "ಹಿಂದಿನ ಬಾಗಿಲು ಕೆಳಗಿಳಿಯಿತು. ಬೇಕರಿಯ ಒಲೆ ತೆಗೆದ ಹಾಗೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಮನೆಗೆ ಹೋಗುವ ಹುಡುಗರ ಸಾಲು ನಿಂತಿತ್ತು. ನಮಗಿಂತ ಒಂದೇ ವರ್ಷ ದೊಡ್ಡವರು. ನಮ್ಮನ್ನು ನೋಡಿ ಕೂಗಿದರು, 'ಎಷ್ಟು ದಿನ ಉಳಿದಿದೆ?' ಅಂತ. ನನಗೆ ಉಳಿದದ್ದು ನಾನೂರಕ್ಕೂ ಹೆಚ್ಚು."

ಹಿಂದಿರುಗುವ ದಿನ ಹತ್ತಿರ ಬಂದವರಿಗೆ "ಮಿನ್ ದಾಯ" ಅನ್ನುತ್ತಿದ್ದರಂತೆ. ಕೆಲವೇ ದಿನ ಎಂದು ಅರ್ಥ. ಊಮ್ ಬೇಲಿಯ ತಂತಿ ಹಿಡಿದು ಆ ಎರಡು ಶಬ್ದವನ್ನು ಹೇಳಿದ ರೀತಿಯಲ್ಲಿ ಒಂದು ಇಡೀ ಬಯಕೆ ಇತ್ತು.

ಎರಡನೇ ದಿನ, ಜೂನ್ 24

ತ್ಸುಮೆಬ್ ದಾಟಿ ಓಶಿವೆಲೊ. ಇಲ್ಲಿ ರಸ್ತೆಗೆ ಅಡ್ಡ ಗೇಟು, ಎರಡೂ ಕಡೆ ಕಣ್ಣು ಹೋಗುವವರೆಗೆ ಬೇಲಿ. ಇದಕ್ಕೆ ಕೆಂಪು ಗೆರೆ ಎನ್ನುತ್ತಾರೆ. ದನದ ರೋಗ ತಡೆಯಲು ಹಾಕಿದ ಬೇಲಿ ಎಂದು ಲೆಕ್ಕ. ಉತ್ತರದ ದನ, ಮಾಂಸ ಇದನ್ನು ದಾಟಿ ದಕ್ಷಿಣಕ್ಕೆ ಬರುವಂತಿಲ್ಲ. ಬೇಲಿಯ ದಕ್ಷಿಣಕ್ಕೆ ಸಾವಿರಾರು ಎಕರೆಯ ಬಿಳಿಯರ ಖಾಸಗಿ ದನದ ಹೊಲಗಳು, ಉತ್ತರಕ್ಕೆ ಓವಾಂಬೊ ಜನರ ಹಳ್ಳಿಗಳು. ದನಕ್ಕಾಗಿ ಎಳೆದ ಗೆರೆ ಮನುಷ್ಯರನ್ನೂ ಎಷ್ಟು ಚೊಕ್ಕವಾಗಿ ಬೇರೆ ಮಾಡಿತ್ತು ಅನ್ನುವುದು ಇಲ್ಲಿ ನಿಂತರೆ ಗೊತ್ತಾಗುತ್ತದೆ. ಹೋಗುವಾಗ ತಪಾಸಣೆ ಇಲ್ಲ, ಬರುವಾಗ ಮಾತ್ರ.

ಗೇಟು ದಾಟಿದ್ದೇ ನೆಲದ ಬಣ್ಣ ಬದಲಾಯಿತು. ಬೆಳ್ಳನೆಯ ಮರಳು, ಮೋಪಾನೆ ಗಿಡ, ಮುಂದೆ ಮಕಲಾನಿ ತಾಳೆಮರಗಳು. ಓಶಾನಾ ಎಂಬ ಆಳವಿಲ್ಲದ ತಗ್ಗುಗಳು, ಮಳೆಗಾಲದಲ್ಲಿ ಮೀನು ಹಿಡಿಯುವಷ್ಟು ನೀರು, ಈಗ ಒಣಗಿ ಬಿರುಕು ಬಿಟ್ಟಿವೆ. ರಸ್ತೆ ಬದಿಗೆ ಕತ್ತೆ, ಆಡು, ಶಾಲೆಯಿಂದ ಬರುವ ಮಕ್ಕಳು, ಬಣ್ಣ ಬಳಿದ ಕೂಕಾ ಅಂಗಡಿಗಳು. ಕೂಕಾ ಅನ್ನುವುದು ಅಂಗೋಲಾದ ಒಂದು ಬಿಯರಿನ ಹೆಸರು, ಈಗ ಸಣ್ಣ ಅಂಗಡಿಗೆಲ್ಲ ಅದೇ ಹೆಸರು ನಿಂತಿದೆ.

ಆಮೇಲೆ ನಾನು ಅದನ್ನು ಕಂಡೆ. ಕಟಾವು ಮುಗಿದ ಹೊಲ, ಅಲ್ಲಲ್ಲಿ ಕೊಯ್ಯದೆ ಬಿಟ್ಟ ತೆನೆ. "ಊಮ್, ಗಾಡಿ ನಿಲ್ಲಿಸಿ" ಎಂದು ಕೂಗಿಯೇ ಬಿಟ್ಟೆ. ಇಳಿದು ತೆನೆ ಮುಟ್ಟಿ ನೋಡಿದರೆ ಸಜ್ಜೆ! ನಮ್ಮೂರ ಕರಿಮಣ್ಣಿನ ಅಂಚಿನಲ್ಲಿ, ಮಸಾರಿ ಹೊಲದಲ್ಲಿ ನನ್ನಪ್ಪ ಬಿತ್ತುತ್ತಿದ್ದ ಅದೇ ಸಜ್ಜೆ. ಇವರು ಮಹಾಂಗು ಅನ್ನುತ್ತಾರೆ. ಒಂದು ತೆನೆ ಅಂಗೈಯಲ್ಲಿ ಉಜ್ಜಿ ಊದಿ ಬಾಯಿಗೆ ಹಾಕಿಕೊಂಡೆ. ಊಮ್ ಗಾಡಿಯಿಂದ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ಎದುರಿಗೆ ನೋಡುತ್ತ ಕೂತಿದ್ದರು. ಹೊಲಕ್ಕೆ ಯಾಕೆ ಇಳಿಯಲಿಲ್ಲ ಅನ್ನುವುದು ನನಗೆ ತಿಳಿದದ್ದು ಎರಡು ದಿನದ ಮೇಲೆ.

ರಾತ್ರಿ ಓಶಾಕಾಟಿಯಲ್ಲಿ ತಂಗಿದೆವು. ಇಂದು ಮಾಲ್, ಬ್ಯಾಂಕು, ಟ್ಯಾಕ್ಸಿಗಳ ಗದ್ದಲದ ಊರು. ಆಗ ಸೈನ್ಯದ ದೊಡ್ಡ ನೆಲೆ. ಕತ್ತಲಾದ ಮೇಲೆ ಬೆಳಗಾಗುವವರೆಗೆ ಇಡೀ ಓವಾಂಬೊ ನಾಡಿಗೆ ಕರ್ಫ್ಯೂ. ಹೆರಿಗೆ ನೋವು ಬಂದವಳನ್ನೂ ಆಸ್ಪತ್ರೆಗೆ ಒಯ್ಯಲು ಹೆದರುತ್ತಿದ್ದ ಕಾಲ. ನಾವು ಒಂಬತ್ತು ಗಂಟೆಗೆ ರಸ್ತೆ ಬದಿ ಸುಟ್ಟ ಮಾಂಸದ ಹೊಗೆಯ ನಡುವೆ ನಡೆದಾಡಿದೆವು. ಹುಡುಗ ಹುಡುಗಿಯರು ಹಾಡು ಹಾಕಿಕೊಂಡು ನಗುತ್ತಿದ್ದರು. ಊಮ್ ಗಡಿಯಾರ ನೋಡಿದರು, ಮತ್ತೆ ನೋಡಿದರು.

ಮೂರನೇ ದಿನ, ಜೂನ್ 25

ಓಶಾಕಾಟಿಯಿಂದ ಪಶ್ಚಿಮಕ್ಕೆ ಔಟಾಪಿ. ರಸ್ತೆಯ ಜೊತೆಜೊತೆಗೇ ಒಂದು ಕಾಲುವೆ ಬರುತ್ತದೆ. ಸಿಮೆಂಟಿನ ಕಾಲುವೆ, ನಮ್ಮ ತುಂಗಭದ್ರೆಯ ಕಾಲುವೆಗೆ ಹೋಲಿಸಿದರೆ ಕಿರಿದು, ಆದರೆ ಈ ಒಣ ನಾಡಿಗೆ ಜೀವ. ಅಂಗೋಲಾದೊಳಗಿನ ಕಲುವೆಕೆ ಅಣೆಕಟ್ಟಿನಿಂದ ಕುನೇನೆ ನದಿಯ ನೀರು ಇದರಲ್ಲಿ ಹರಿದು ಓಶಾಕಾಟಿಯವರೆಗೆ ಬರುತ್ತದೆ. ಹೆಂಗಸರು ಬಕೆಟ್ ತುಂಬಿಸುತ್ತಿದ್ದರು, ದನ ನೀರು ಕುಡಿಯುತ್ತಿದ್ದವು. ಊಮ್ ದಡದಲ್ಲಿ ಕೂತು ನೀರಿಗೆ ಕೈ ಅದ್ದಿದರು. "ನಾನು ಹೋಗಬೇಕಾದ ಜಾಗದಿಂದಲೇ ಈ ನೀರು ಬರುವುದು" ಎಂದರು.

ಔಟಾಪಿಯಲ್ಲಿ ಒಂದು ಮುದಿ ಬಾವೊಬಾಬ್ ಮರ ಇದೆ. ನಮ್ಮ ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರಿಗೆ ಗುರುತು ಸಿಗುತ್ತದೆ, ಅದೇ ಜಾತಿ. ಇದರ ಒಳಗೆ ಪೊಳ್ಳು. ಚಿಕ್ಕ ಬಾಗಿಲಲ್ಲಿ ಬಗ್ಗಿ ಹೋದರೆ ಬೆಂಚು ಹಾಕಿ ಹತ್ತಾರು ಜನ ಕೂರುವಷ್ಟು ಜಾಗ. ಹಿಂದೆ ದಾಳಿ ಬಂದಾಗ ಜನ ಇದರೊಳಗೆ ಅಡಗುತ್ತಿದ್ದರಂತೆ. ಸೈನ್ಯ ಬಂದು ಮರದ ಸುತ್ತ ಶಿಬಿರ ಹಾಕಿತು. ಮರದ ಹೊಟ್ಟೆಯೇ ಅಂಚೆ ಕಚೇರಿ ಆಯಿತು, ಪ್ರಾರ್ಥನಾ ಮಂದಿರವೂ ಆಯಿತು.

ಊಮ್ ಒಳಗೆ ಹೋಗಿ ಎಡಗಡೆಯ ಗೋಡೆಗೆ, ಅಂದರೆ ಮರದ ಮೈಗೆ, ಬೆನ್ನು ಕೊಟ್ಟು ಕೂತರು. ಶಿಬಿರಕ್ಕೆ ಸಾಮಾನು ತಂದಾಗ ಎರಡು ಭಾನುವಾರ ಇಲ್ಲಿ ಪ್ರಾರ್ಥನೆಗೆ ಕೂತಿದ್ದರಂತೆ. ಆಗಿನ ಕೆಲಸ, ಬಫೆಲ್ ಗಾಡಿಯ ಚಾಲಕ. ಅದರ ವಿವರ ಅವರ ಬಾಯಲ್ಲಿ ಕೇಳಬೇಕು. ಗಾಡಿಯ ತಳ ದೋಣಿಯ ಹಾಗೆ ಚೂಪು, ನೆಲಬಾಂಬು ಸಿಡಿದರೆ ಹೊಡೆತ ಇಬ್ಬದಿಗೆ ಸರಿಯಲಿ ಎಂದು. ಹಿಂದೆ ಮೇಲ್ಛಾವಣಿ ಇಲ್ಲದ ತೊಟ್ಟಿಯಲ್ಲಿ ಹತ್ತು ಹುಡುಗರು ಬೆನ್ನಿಗೆ ಬೆನ್ನು ಕೊಟ್ಟು, ಹೊರಗೆ ಮುಖ ಮಾಡಿ, ಪಟ್ಟಿಯಿಂದ ಬಿಗಿದುಕೊಂಡು ಕೂರುತ್ತಾರೆ. ಚಾಲಕ ಮಾತ್ರ ಮುಂದೆ ಎಂಜಿನ್ನಿನ ಪಕ್ಕದ ಕಬ್ಬಿಣದ ಗೂಡಿನಲ್ಲಿ ಒಬ್ಬನೇ. "ಹಿಂದಿನವರು ಮಾತಾಡುವುದು ನನಗೆ ಕೇಳಿಸುತ್ತಿರಲಿಲ್ಲ. ಎದುರಿಗೆ ಮರಳಿನ ದಾರಿ. ನಿನ್ನೆ ಯಾರದೋ ಗಾಡಿಯ ಚಕ್ರ ಉರುಳಿದ ಗುರುತಿನ ಮೇಲೇ ನನ್ನ ಚಕ್ರ ಉರುಳಿಸಬೇಕು. ಗುರುತು ಅಳಿಸಿದ್ದರೆ, ಮರಳು ತುಸು ಉಬ್ಬಿದ್ದರೆ, ಹೊಟ್ಟೆಯೊಳಗೆ ಏನೋ ಕಲಸುತ್ತಿತ್ತು. ಹತ್ತು ಹುಡುಗರ ಜೀವ ನನ್ನ ಎರಡು ಕಣ್ಣಿನಲ್ಲಿ. ನನಗೆ ಹತ್ತೊಂಬತ್ತು."

ನೆಲಬಾಂಬಿನ ಭಯಕ್ಕೇ ಸೈನ್ಯ ಈ ಕಡೆಯ ಮುಖ್ಯ ರಸ್ತೆಗಳಿಗೆ ಡಾಂಬರು ಹಾಕಿಸಿತ್ತು ಎಂದೂ ಹೇಳಿದರು. ನಾವು ಹಾಯಾಗಿ ಬಂದ ರಸ್ತೆ ಅದು.

ಆ ಬದುಕಿನಲ್ಲಿ ನಡುವೆ ಸಿಗುತ್ತಿದ್ದ ಒಂದೇ ಸವಿ ಊಟದ ಪೊಟ್ಟಣದೊಳಗಿನ ಸಿಹಿ ಗಟ್ಟಿಹಾಲು, ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ. ಉಳಿದದ್ದು ಡಬ್ಬಿಯ ಮಾಂಸ, ಕಲ್ಲಿನಂಥ ಬಿಸ್ಕತ್ತು. ಟ್ಯೂಬಿನ ತುದಿ ಕಚ್ಚಿ ಹೀರುವಾಗ ಎಲ್ಲರೂ ಮಕ್ಕಳಾಗುತ್ತಿದ್ದರಂತೆ. ಅದನ್ನು ಕೇಳಿ ನನಗೆ ಸಂಕಟವಾಯಿತು. ಮಕ್ಕಳಾಗುವುದೇನು, ಅವರು ಮಕ್ಕಳೇ ಆಗಿದ್ದರು.

ಹಾಗೆಂದು ಇನ್ನೊಂದು ಮಾತನ್ನು ನಾನು ಬಿಟ್ಟು ಹೋಗಲಾರೆ. ಆ ಮಕ್ಕಳನ್ನು ಕಳಿಸಿದ ಸರಕಾರ ವರ್ಣಭೇದದ ಸರಕಾರ. ಆ ಮಕ್ಕಳು ಕಾಯುತ್ತಿದ್ದದ್ದು ತಮ್ಮ ಮನೆಯನ್ನಲ್ಲ, ಇನ್ನೊಬ್ಬರ ನೆಲದ ಮೇಲಿನ ಅಧಿಕಾರವನ್ನು. ಊಮ್ ಇದನ್ನು ನನಗಿಂತ ಖಚಿತವಾಗಿ ಹೇಳುತ್ತಾರೆ. "ಶಾಲೆಯಲ್ಲಿ, ಚರ್ಚಿನಲ್ಲಿ, ರೇಡಿಯೋದಲ್ಲಿ ಒಂದೇ ಮಾತು, ಕಮ್ಯುನಿಸ್ಟರು ಬರುತ್ತಿದ್ದಾರೆ ಅಂತ. ಇಲ್ಲಿ ಬಂದು ನೋಡಿದರೆ ಕಂಡದ್ದು ಮುದುಕಿಯರು, ಆಡು ಕಾಯುವ ಹುಡುಗರು."

ನಾಲ್ಕನೇ ದಿನ, ಜೂನ್ 26

ನನ್ನ ಸಹೋದ್ಯೋಗಿಯೊಬ್ಬಳ ತವರು ಔಟಾಪಿಯಿಂದ ಒಳಗೆ, ಮರಳು ದಾರಿಯಲ್ಲಿ. ರಾಶಿಯ ಕಾಲ, ಬಂದು ಹೋಗಿ ಎಂದು ಕರೆದಿದ್ದಳು. ಅವಳ ಅಪ್ಪ ಸ್ವಾಪೋದ ಸೇನೆಯಾದ ಪ್ಲಾನ್‌ನಲ್ಲಿ ಇದ್ದವರು ಎಂದು ನನಗೆ ಗೊತ್ತಿತ್ತು, ಊಮ್‌ಗೂ ಹೇಳಿದ್ದೆ. ಊಮ್ ಯಾರೆಂದು ಅವಳೂ ತನ್ನ ಅಪ್ಪನಿಗೆ ಹೇಳಿದ್ದಳು. ಯಾರನ್ನೂ ಕತ್ತಲಲ್ಲಿ ಇಡಬಾರದು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

ದಾರಿಯಲ್ಲಿ ಮೊದಲು ಓಮುಗುಲುಗ್ವೊಂಬಾಶೆಗೆ ಹೋದೆವು. ಜಿರಾಫೆಯ ಕಾಲು ಎಂದು ಆ ಹೆಸರಿನ ಅರ್ಥ. 1966ರ ಆಗಸ್ಟ್ 26ರಂದು ಇಲ್ಲಿಯ ಕಾಡಿನಲ್ಲಿ ಅಡಗಿದ್ದ ಹೋರಾಟಗಾರರ ಮೇಲೆ ದಕ್ಷಿಣ ಆಫ್ರಿಕಾ ಹೆಲಿಕಾಪ್ಟರಿನಲ್ಲಿ ಬಂದು ಎರಗಿತು. ಯುದ್ಧ ಶುರುವಾದದ್ದು ಇಲ್ಲೇ, ಆ ದಿನ ಈಗ ದೇಶದ ವೀರರ ದಿನ. ಆಮೇಲೆ ಹಿಡಿದವರನ್ನೆಲ್ಲ ಪ್ರಿಟೋರಿಯಾಕ್ಕೆ ಒಯ್ದು ವಿಚಾರಣೆ ನಡೆಸಿದರು. ಅವರಲ್ಲಿ ಆಂಡಿಂಬಾ ತೊಯ್ವೊ ಯಾ ತೊಯ್ವೊ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಇದೇ ದಕ್ಷಿಣ ಆಫ್ರಿಕಾದ ಸಮವಸ್ತ್ರ ತೊಟ್ಟು ಕಾವಲು ಕಾದಿದ್ದವರು. ಕಟಕಟೆಯಲ್ಲಿ ನಿಂತು, ನಾವು ನಮೀಬಿಯಾದವರು, ನಮ್ಮನ್ನು ಆಳುವ ಹಕ್ಕು ನಿಮಗಿಲ್ಲ ಎಂದು ನೇರವಾಗಿ ನುಡಿದರು. ಇಪ್ಪತ್ತು ವರ್ಷದ ಶಿಕ್ಷೆ ಬಿತ್ತು. ನೆಲ್ಸನ್ ಮಂಡೇಲಾ ಇದ್ದ ರಾಬೆನ್ ದ್ವೀಪದ ಸೆರೆಯಲ್ಲಿದ್ದು 1984ರಲ್ಲಿ ಬಿಡುಗಡೆಯಾದರು. ನಾವು ಹೋದಾಗ ಸ್ಮಾರಕದ ಬಳಿ ಯಾರೂ ಇರಲಿಲ್ಲ. ಮರಳಿನಲ್ಲಿ ಕೋಳಿಯ ಹೆಜ್ಜೆ, ಅಷ್ಟೆ.

ಮನೆ ಅಂದರೆ ಒಂದು ಮನೆಯಲ್ಲ. ಮರದ ಕಂಬಗಳನ್ನು ಒತ್ತೊತ್ತಾಗಿ ನೆಟ್ಟ ಬೇಲಿ, ಒಳಗೆ ಓಣಿಗಳು, ಓಣಿಗೊಂದು ಗುಡಿಸಲು, ದನದ ಕೊಟ್ಟಿಗೆ, ಕಾಳು ಕುಟ್ಟುವ ಒರಳಿನ ಚಪ್ಪರ. ಮೂಲೆಯಲ್ಲಿ ಹೆಣೆದ ದೊಡ್ಡ ದೊಡ್ಡ ಬುಟ್ಟಿ, ಆಳೆತ್ತರ, ಮಣ್ಣು ಮೆತ್ತಿ ಬಾಯಿ ಮುಚ್ಚಿದವು. ನೋಡಿದ್ದೇ ಗೊತ್ತಾಯಿತು, ನಮ್ಮ ಕಣಜ. ಅಜ್ಜ ಬಾಗಿಲಲ್ಲೇ ನಿಂತಿದ್ದರು. ಇಲ್ಲಿ ಅಪ್ಪನ ವಯಸ್ಸಿನವರನ್ನು ತಾತೆ ಎಂದು ಕರೆಯುತ್ತಾರೆ, ನನ್ನ ಬಾಯಿಗೆ ಅದು ಸಲೀಸಾಗಿ ಬಂತು. "ವಾ ಲಾಲಾ ಪೋ, ತಾತೆ" ಎಂದು ಮಂಡಿ ತುಸು ಬಗ್ಗಿಸಿ ಕೈ ಕೊಟ್ಟೆ. ನಿದ್ದೆ ಚೆನ್ನಾಗಿ ಆಯಿತೇ ಎಂದು ಕೇಳುವ ನಮಸ್ಕಾರ ಅದು. ಊಮ್ ಕೂಡ ಕೈ ಕೊಟ್ಟರು. ತಾತೆ ಕೈ ಹಿಡಿದರು, ಮಾತಾಡಲಿಲ್ಲ.

ನಾನು ಭಾರತದವನೆಂದು ಗೊತ್ತಾದಾಗ ಮಾತ್ರ ಮುಖ ಅರಳಿತು. "ಜನರಲ್ ಪ್ರೇಮ್ ಚಂದ್!" ಎಂದರು. 1989ರಲ್ಲಿ ಇಲ್ಲಿಗೆ ಬಂದ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರು ನಮ್ಮ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್. ಸ್ವಾಪೋಗೆ ದೆಹಲಿಯಲ್ಲಿ ರಾಯಭಾರ ಕಚೇರಿ ತೆರೆಯಲು ಭಾರತ ಅವಕಾಶ ಕೊಟ್ಟದ್ದು ಸ್ವಾತಂತ್ರ್ಯಕ್ಕೂ ಮೊದಲೇ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆಯೋ, ಔಟಾಪಿಯ ಆಚೆಯ ಒಂದು ಹಳ್ಳಿಯಲ್ಲಿ ನೆನಪಿದೆ.

ಸೋರೆ ಬುರುಡೆಯಲ್ಲಿ ಓಶಿಕುಂಡು ಬಂತು. ಸಜ್ಜೆ ಹಿಟ್ಟು ಹುಳಿ ಬರಿಸಿ ಮಾಡಿದ ಪಾನೀಯ, ತಣ್ಣಗೆ, ನಮ್ಮ ಅಂಬಲಿಯ ಅಕ್ಕ ಅನ್ನಬೇಕು. ಕಣದಲ್ಲಿ ತೆನೆಯ ರಾಶಿ, ಹೆಂಗಸರು ಕೋಲಿನಿಂದ ಬಡಿಯುತ್ತಿದ್ದರು, ಇನ್ನಿಬ್ಬರು ಗಾಳಿಗೆ ತೂರುತ್ತಿದ್ದರು. ಹೊಟ್ಟು ಹಾರಿ ಬಿಸಿಲಲ್ಲಿ ಮಿನುಗುತ್ತಿತ್ತು. ನಾನು ಮೊರ ಇಸಿದುಕೊಂಡು ಕೇರಿದೆ. ಅಜ್ಜಿಯೊಬ್ಬರು ನನ್ನ ಕೈ ನೋಡಿ ಮಗಳಿಗೆ ಏನೋ ಹೇಳಿದರು. "ಇವನಿಗೆ ಯಾರೋ ಕಲಿಸಿದ್ದಾರೆ ಅನ್ನುತ್ತಿದ್ದಾರೆ" ಎಂದಳು ನನ್ನ ಗೆಳತಿ. ಕಲಿಸಿದ್ದು ನಮ್ಮವ್ವ.

ತಾತೆ ತಮ್ಮ ಕತೆ ಹೇಳಿದ್ದು ಊಟದ ಮೇಲೆ. ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. 1979ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಶಾಲೆಯ ನಾಲ್ಕು ಗೆಳೆಯರ ಜೊತೆ ರಾತ್ರಿ ಮನೆ ಬಿಟ್ಟರು. ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಪೊಲೀಸರು ಅವಳನ್ನು ಹೊಡೆದು ಬಾಯಿ ಬಿಡಿಸುತ್ತಾರೆ, ಗೊತ್ತಿಲ್ಲದಿದ್ದರೆ ಅವಳು ಸುಳ್ಳಾಡಬೇಕಿಲ್ಲ. ಗಡಿ ದಾಟಿ ಅಂಗೋಲಾದಲ್ಲಿ ದಿನಗಟ್ಟಲೆ ನಡೆದರು. ಲುಬಾಂಗೊ ಹತ್ತಿರದ ತೋಬಿಯಾಸ್ ಹೈನ್ಯೆಕೊ ಶಿಬಿರದಲ್ಲಿ ತರಬೇತಿ. ಹಿಂದಿನ ವರ್ಷವಷ್ಟೇ, 1978ರ ಮೇ 4ರಂದು, ಅಂಗೋಲಾದೊಳಗಿನ ಸ್ವಾಪೋದ ಕಸಿಂಗಾ ಶಿಬಿರದ ಮೇಲೆ ದಕ್ಷಿಣ ಆಫ್ರಿಕಾ ವಿಮಾನದಿಂದ ದಾಳಿ ಮಾಡಿ ನೂರಾರು ಜನರನ್ನು ಕೊಂದಿತ್ತು, ಹೆಂಗಸರು ಮಕ್ಕಳು ಸೇರಿ. ಆ ಸಿಟ್ಟು ಎಲ್ಲರ ಎದೆಯಲ್ಲಿತ್ತು. ಮಳೆಗಾಲ ಬಂದರೆ ಗುಂಪು ಕಟ್ಟಿಕೊಂಡು ದಕ್ಷಿಣಕ್ಕೆ ನುಸುಳುವುದು. ಮಳೆಯಲ್ಲಿ ಕುಡಿಯಲು ನೀರು, ಮರೆಗೆ ಎಲೆ, ಹೆಜ್ಜೆ ಅಳಿಸಲು ಮಳೆಯೇ. ಮಳೆಯಿಲ್ಲದ ತಿಂಗಳುಗಳಲ್ಲಿ ಮರಳು ಎಲ್ಲ ಹೇಳಿಬಿಡುತ್ತದೆ.

ಬೆನ್ನು ಹತ್ತಿ ಬರುತ್ತಿದ್ದವರು ಹೆಚ್ಚಾಗಿ ಕುಫೂಟ್ ಎಂಬ ಪೊಲೀಸ್ ಪಡೆ. ಅದರಲ್ಲಿ ಹೆಜ್ಜೆ ಹಿಡಿಯುವವರು ಓವಾಂಬೊ ಹುಡುಗರೇ. ಕೊಂದ ಪ್ರತಿ ತಲೆಗೆ ಹಣ. "ನನ್ನ ಚಿಕ್ಕಮ್ಮನ ಮಗ ಅವರಲ್ಲಿದ್ದ" ಎಂದರು ತಾತೆ. "ಒಂದೇ ಅಂಗಳದಲ್ಲಿ ಉಂಡವರು. ಅವನು ಮನೆಗೆ ಸಂಬಳ ತರುತ್ತಿದ್ದ, ನಾನು ಏನೂ ತರುತ್ತಿರಲಿಲ್ಲ." ಲುಬಾಂಗೊದ ನೆಲದ ಗುಂಡಿಗಳ ಮಾತನ್ನೂ ಅವರೇ ಎತ್ತಿದರು. 1980ರ ದಶಕದಲ್ಲಿ ಸ್ವಾಪೋ ತನ್ನವರನ್ನೇ ಗೂಢಚಾರರೆಂದು ಹಿಡಿದು ಆ ಗುಂಡಿಗಳಲ್ಲಿ ಇಟ್ಟಿತು, ಚಿತ್ರಹಿಂಸೆ ಕೊಟ್ಟಿತು. ಮನೆ ಬಿಟ್ಟ ನಾಲ್ವರು ಗೆಳೆಯರಲ್ಲಿ ಒಬ್ಬ ಅಲ್ಲಿಂದ ಬರಲಿಲ್ಲ. ಇದನ್ನು ಹೇಳುವಾಗ ತಾತೆ ದನಿ ತಗ್ಗಿಸಲಿಲ್ಲ. ಗೆದ್ದ ಪಕ್ಷದವರಾಗಿ ತಮ್ಮ ಪಕ್ಷದ ತಪ್ಪನ್ನು ತಮ್ಮ ಅಂಗಳದಲ್ಲಿ ಹೀಗೆ ಹೇಳುವವರನ್ನು ನಾನು ಕಂಡದ್ದು ಕಡಿಮೆ.

ಆಮೇಲೆ ಅವರು ಊಮ್ ಕಡೆ ಮೊದಲ ಸಲ ನೇರ ತಿರುಗಿದರು. ಕೇಳಿದ್ದು ಒಂದೇ ಪ್ರಶ್ನೆ. ಮಗಳು ಅದನ್ನು ಹೇಳಲು ತುಸು ತಡವರಿಸಿದಳು. "ನಿಮ್ಮ ಗಾಡಿ ಮಹಾಂಗುವಿನ ಮೇಲೆ ಹೋಗಿತ್ತೇ ಎಂದು ಕೇಳುತ್ತಿದ್ದಾರೆ."

ಹೆಜ್ಜೆ ಹಿಡಿದು ಅಟ್ಟುವಾಗ ಸೈನ್ಯದ, ಪೊಲೀಸರ ಗಾಡಿಗಳು ದಾರಿ ನೋಡುತ್ತಿರಲಿಲ್ಲ. ಬೇಲಿ ಮುರಿದು, ಬೆಳೆದ ಹೊಲದ ನಡುವೆಯೇ ನುಗ್ಗುತ್ತಿದ್ದವು. ಈ ನಾಡಿನಲ್ಲಿ ವರ್ಷಕ್ಕೆ ಒಂದೇ ಬೆಳೆ. ತಾತೆಯ ಅವ್ವನ ಹೊಲ ಹಾಗೆ ಎರಡು ಸಲ ಹೋಗಿತ್ತು.

ಊಮ್ ಬಹಳ ಹೊತ್ತು ಸುಮ್ಮನಿದ್ದರು. ಕಣದಲ್ಲಿ ಕೋಲಿನ ಸದ್ದು ಮಾತ್ರ. "ಹೌದು" ಎಂದರು. "1988ರ ಫೆಬ್ರವರಿ. ಬೆಳೆ ನನ್ನ ಮಂಡಿಯ ಎತ್ತರ ಇತ್ತು. ಹೋಗು ಎಂದು ಆಜ್ಞೆ ಬಂತು, ಹೋದೆ. ಹೊಲದ ತುದಿಯಲ್ಲಿ ಒಬ್ಬ ಹೆಂಗಸು ಗುದ್ದಲಿ ಹಿಡಿದು ನಿಂತಿದ್ದಳು. ಕೂಗಲಿಲ್ಲ. ನಾನು ಕಿಟಕಿಯಿಂದ ಅವಳ ಮುಖ ನೋಡಿದೆ. ಗಾಡಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ನಾನು ರೈತನ ಮಗ. ಬೆಳೆ ಅಂದರೆ ಏನೆಂದು ನನಗೆ ಗೊತ್ತಿತ್ತು."

ಮಗಳು ಒಂದೊಂದೇ ಮಾತು ಹೇಳಿ ಮುಗಿಸಿದಳು. ತಾತೆ ಆಜ್ಞೆಯ ಮಾತು ಎತ್ತಲಿಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ಎದ್ದರು. ಕಣದ ಬದಿಗೆ ತುಂಬಿಟ್ಟಿದ್ದ ಚೀಲಗಳನ್ನು ತೋರಿಸಿ, ಕತ್ತಲಾಗುವ ಮುನ್ನ ಕಣಜಕ್ಕೆ ತುಂಬಬೇಕು ಎಂದರು. ಊಮ್ ಎದ್ದು ಹೆಗಲು ಕೊಟ್ಟರು. ಐವತ್ತೇಳರ ಮೈ, ಸೊಂಟನೋವು ಇರುವ ಮನುಷ್ಯ, ಆರು ಚೀಲ ಹೊತ್ತರು. ನಾನು ಕಣಜದ ಬಾಯಿ ಹಿಡಿದು ನಿಂತಿದ್ದೆ. ಕಾಳು ಸುರಿಯುವ ಸದ್ದಿಗೆ, ಮೂಗಿಗೆ ಏರುವ ಆ ದೂಳಿಗೆ, ನನಗೆ ನಮ್ಮಪ್ಪನ ಬೆವರಿನ ವಾಸನೆ ನೆನಪಾಗಿ ಕಣ್ಣು ತುಂಬಿತು.

ಐದನೇ ದಿನ, ಜೂನ್ 27

ರುವಾಕಾನಾ. ಕುನೇನೆ ನದಿ ಇಲ್ಲಿ ಗಡಿ. ಜಲಪಾತ ಬಹುಪಾಲು ಒಣ ಬಂಡೆ. ನೀರನ್ನು ನೆಲದಡಿಯ ವಿದ್ಯುತ್ ಸ್ಥಾವರಕ್ಕೆ ತಿರುಗಿಸಿದ್ದಾರೆ, ಬಂಡೆಯ ಸಂದಿಯಲ್ಲಿ ಒಂದೆರಡು ಬಿಳಿ ಎಳೆ ಇಳಿಯುತ್ತಿತ್ತು. ಆಚೆ ದಡ ಅಂಗೋಲಾ. ಕಲುವೆಕೆ ಅಣೆಕಟ್ಟು ನದಿಯ ಮೇಲ್ಭಾಗದಲ್ಲಿ, ಕಣ್ಣಿಗೆ ಕಾಣದಷ್ಟು ಒಳಗೆ. ನಾವು ಗಡಿ ದಾಟಲಿಲ್ಲ. ಅವರಿಗೆ ಬೇಕಿದ್ದದ್ದು ಅದರ ದಿಕ್ಕಿಗೆ ಮುಖ ಮಾಡಿ ನಿಲ್ಲುವುದು.

1988ರ ಜೂನ್ ಹೊತ್ತಿಗೆ ಯುದ್ಧ ಕೊನೆಗೆ ಬಂದಿತ್ತು, ಹುಡುಗರಿಗೆ ಮಾತ್ರ ಗೊತ್ತಿರಲಿಲ್ಲ. ಪೂರ್ವದಲ್ಲಿ, ಅಂಗೋಲಾದೊಳಗಿನ ಕ್ವಿಟೊ ಕ್ವನವಾಲೆಯ ಸುತ್ತ ತಿಂಗಳುಗಟ್ಟಲೆ ಕಾದಾಡಿ ದಕ್ಷಿಣ ಆಫ್ರಿಕಾ ಆ ಊರನ್ನು ಹಿಡಿಯಲಾಗದೆ ನಿಂತಿತ್ತು. ಅಂಗೋಲಾದ ನೆರವಿಗೆ ಬಂದಿದ್ದ ಕ್ಯೂಬಾದ ಪಡೆಗಳು ಈಗ ಪಶ್ಚಿಮದಲ್ಲಿ ಗಡಿಯ ಕಡೆ ಇಳಿಯುತ್ತಿದ್ದವು. ಒಂದು ಕಡೆ ಸಂಧಾನದ ಮೇಜು, ಇನ್ನೊಂದು ಕಡೆ ಇದು. ಜೂನ್ 27ರಂದು ಕ್ಯೂಬಾದ ಮಿಗ್-23 ವಿಮಾನಗಳು ಕಲುವೆಕೆ ಮೇಲೆ ಬಾಂಬು ಹಾಕಿದವು. ದಕ್ಷಿಣ ಆಫ್ರಿಕಾದ ಹನ್ನೊಂದು ಸೈನಿಕರು ಸತ್ತರು. ಹೆಚ್ಚಿನವರು ಕಡ್ಡಾಯ ಸೇವೆಗೆ ಬಂದಿದ್ದ ಎಳೆಯರು.

ಊಮ್ ಅಂದು ರುವಾಕಾನಾದಲ್ಲಿದ್ದರು. ಅದರ ಹಿಂದಿನ ವಾರ ಕಲುವೆಕೆಗೆ ಊಟದ ಪೊಟ್ಟಣಗಳ ಹೊರೆ ಒಯ್ದಿದ್ದರು. ಸೇತುವೆಯ ನೆರಳಲ್ಲಿ ಕೂತಿದ್ದ ನಾಲ್ಕು ಹುಡುಗರು ಇಳಿಸಲು ಕೈ ಕೊಟ್ಟರು. ಅವರು ಒಂದು ಸಿಗರೇಟು ಕೊಟ್ಟರು, ಊಮ್ ತಮ್ಮ ಪಾಲಿನ ಗಟ್ಟಿಹಾಲಿನ ಟ್ಯೂಬು ಕೊಟ್ಟರು. ಒಬ್ಬನ ಮುಂದಿನ ಹಲ್ಲು ಮುರಿದಿತ್ತು, ನಕ್ಕರೆ ಕಾಣುತ್ತಿತ್ತು. ಹೆಸರು ಕೇಳಲಿಲ್ಲ.

"ಆಮೇಲೆ ಪತ್ರಿಕೆಯಲ್ಲಿ ಹನ್ನೊಂದು ಹೆಸರು ಬಂದವು. ನನ್ನ ಬಳಿ ಇದ್ದದ್ದು ಮುಖ, ಹೆಸರಲ್ಲ. ಆ ನಾಲ್ವರು ಅವರಲ್ಲಿ ಇದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಲ್ಲು ಮುರಿದವನು ಎಲ್ಲೋ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು. ಇಲ್ಲದೆಯೂ ಇರಬಹುದು. ಮೂವತ್ತೇಳು ವರ್ಷ ನಾನು ಇಬ್ಬರನ್ನೂ ಜೊತೆಗೆ ಇಟ್ಟುಕೊಂಡಿದ್ದೇನೆ, ಬದುಕಿದವನನ್ನೂ ಸತ್ತವನನ್ನೂ."

ಜೇಬಿನಿಂದ ಒಂದು ಗಟ್ಟಿಹಾಲಿನ ಟ್ಯೂಬು ತೆಗೆದರು. ವಿಂಡ್‌ಹೋಕ್‌ನಿಂದ ತಂದದ್ದು, ನನಗೆ ಗೊತ್ತೇ ಇರಲಿಲ್ಲ. ಬಂಡೆಯ ಮೇಲೆ ಇಟ್ಟರು. ಸ್ವಲ್ಪ ಹೊತ್ತು ನಿಂತು ಮತ್ತೆ ಕೈಗೆ ತೆಗೆದುಕೊಂಡರು, ಮುಚ್ಚಳ ತೆಗೆದು ಒಂದು ಗುಟುಕು ಹೀರಿ ನನ್ನ ಕೈಗೆ ಕೊಟ್ಟರು. ನಾನೂ ಹೀರಿದೆ. ಬಂಡೆಯ ಕೆಳಗೆ ಆಡು ಮೇಯಿಸುತ್ತಿದ್ದ ಹುಡುಗನೊಬ್ಬ ನಮ್ಮನ್ನೇ ನೋಡುತ್ತಿದ್ದ. ಉಳಿದದ್ದು ಅವನಿಗೆ ಹೋಯಿತು.

ಸಂಜೆ ಅಲ್ಲಿಯೇ ನದಿಯ ಬದಿ ಬೆಂಕಿ ಹಾಕಿ ಕೂತೆವು. 1988ರ ಡಿಸೆಂಬರ್ 22ರಂದು ನ್ಯೂಯಾರ್ಕಿನಲ್ಲಿ ದಕ್ಷಿಣ ಆಫ್ರಿಕಾ, ಅಂಗೋಲಾ, ಕ್ಯೂಬಾ ಮೂರು ದೇಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಊಮ್ ಆ ಹೊತ್ತಿಗೆ ಮನೆ ಸೇರಿದ್ದರು. 1990ರ ಮಾರ್ಚ್ 21ರಂದು ನಮೀಬಿಯಾ ಸ್ವತಂತ್ರವಾಯಿತು. ತಾತೆ ಊರಿಗೆ ಬಂದದ್ದು 1989ರಲ್ಲಿ, ವಿಶ್ವಸಂಸ್ಥೆಯವರು ಕರೆತಂದ ನಲವತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಬ್ಬರಾಗಿ. ಬೇಲಿಯ ಬಾಗಿಲಲ್ಲಿ ಅವ್ವ ಗುರುತು ಹಿಡಿಯಲಿಲ್ಲವಂತೆ, ಮಾತಾಡಿದ ಮೇಲೆ ಹಿಡಿದಳು.

ರಾತ್ರಿ ಮಗನಿಗೆ ಫೋನು ಹಚ್ಚಿದೆ. ಸಿಗ್ನಲ್ ಸಿಗಲು ದಿಬ್ಬ ಹತ್ತಬೇಕಾಯಿತು. "ಏನಪ್ಪಾ, ಇಷ್ಟು ಹೊತ್ತಿನಾಗ?" ಎಂದ, ಅಲ್ಲಿ ಮಧ್ಯರಾತ್ರಿ. ಏನಿಲ್ಲ, ಉಂಡೆಯಾ ಎಂದು ಕೇಳಿದೆ.

ಆರನೇ ದಿನ, ಜೂನ್ 28

ಹಿಂದಿರುಗುವ ದಾರಿಯಲ್ಲಿ ತಾತೆಯ ಮಗಳು ರಸ್ತೆಗೆ ಬಂದು ನಿಂತಿದ್ದಳು. ಕೈಯಲ್ಲಿ ಐದು ಕಿಲೋ ಹಿಟ್ಟಿನ ಗಂಟು, ಹೊಸ ಮಹಾಂಗು, ಒರಳಲ್ಲಿ ಕುಟ್ಟಿದ್ದು. ನನಗೆ ಕೊಡಲು ಬಂದಳು ಅಂದುಕೊಂಡು ಕೈ ಚಾಚಿದೆ. "ಇದು ಅವರಿಗೆ" ಎಂದು ಊಮ್ ಕಡೆ ತೋರಿಸಿದಳು. "ಚೀಲ ಹೊತ್ತ ಕೂಲಿ ಎಂದು ತಾತೆ ಹೇಳಿದರು."

ಓಶಿವೆಲೊ ಗೇಟಿನಲ್ಲಿ ತಪಾಸಣೆಯ ಹುಡುಗಿ ಬಂದಳು, ಇಪ್ಪತ್ತರ ಆಸುಪಾಸು. ಮಾಂಸ ಇದೆಯೇ ಎಂದು ಕೇಳಿದಳು. ಇಲ್ಲ, ಹಿಟ್ಟು ಎಂದರು ಊಮ್. ಗಾಡಿ ನನ್ನ ಕೈಗೆ ಕೊಟ್ಟು ಅವರು ಪಕ್ಕದ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವಳು ಗಂಟು ಬಿಚ್ಚಿಸಿ, ಬೆರಳಲ್ಲಿ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡಿದಳು. "ಈ ವರ್ಷದ್ದು" ಎಂದಳು, ಮತ್ತೆ ತಾನೇ ಗಂಟು ಕಟ್ಟಿಕೊಟ್ಟು ಗೇಟು ಎತ್ತಿಸಿದಳು.

ತ್ಸುಮೆಬ್ ಹತ್ತಿರ ಬಂದಾಗ ಊಮ್ ಕೇಳಿದರು, ಇದರಿಂದ ನಿಮ್ಮ ಕಡೆ ಏನು ಮಾಡುತ್ತೀರಿ ಎಂದು. ಬಿಸಿನೀರಲ್ಲಿ ನಾದಿ, ಕೈಯಲ್ಲಿ ಬಡಿದು, ಮೇಲೆ ಎಳ್ಳು ಹಚ್ಚಿ, ಬೆಂಕಿಯಲ್ಲಿ ಸುಡುವ ರೊಟ್ಟಿ ಎಂದೆ. ಬಡಿಯುವುದು ಹೇಗೆ ಎಂದರು. ಸ್ಟೇರಿಂಗ್ ಬಿಟ್ಟು ತೋರಿಸಲಾಗದು, ಮನೆಗೆ ಹೋದಮೇಲೆ ಎಂದೆ. ಅವರು ಗಂಟಿನ ಮೇಲೆ ಅಂಗೈ ಇಟ್ಟುಕೊಂಡೇ ನಿದ್ದೆ ಹೋದರು. ಓಕಹಾಂಜಾವರೆಗೆ ಏಳಲಿಲ್ಲ.